ಧ್ವನಿಪೆಟ್ಟಿಗೆಯ ಒಳತಂತಿ

ಸಂಘದ ವಾರ್ಷಿಕೋತ್ಸವದ ಸಂಚಿಕೆಗಾಗಿ ಚರಿತ್ರೆಗೆ ಸಂಬಂಧಪಟ್ಟ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಕುಂಬಳೆ ಸೀಮೆಯ ಅರಸರನ್ನೋ ಬೇಕಲದ ಕೋಟೆಯನ್ನೋ ಕುರಿತು ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬಹುದು. ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾವು ಈ ಸಲ ಎತ್ತಿಕೊಂಡಿರುವುದು ಮನೆಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿರುವ ಧ್ವನಿಪೆಟ್ಟಿಗೆಯ, ಅದರಲ್ಲಿಯೂ ಅದರ ಹೊಟ್ಟೆಯೊಳಗಿನ ತಂತಿಗಳ ಚರಿತ್ರೆಯನ್ನು. ವ್ಯಾಕರಣ ಪಾಠ ಹೇಳುವ ವಿದ್ವಾನನಿಗೆ ತಂತಿಯ ಗೊಡವೆ ಏಕೆಂದು ವಾಚಕರು ನಗಬಹುದು. ಕಾರಣವುಂಟು. ಗಡಿಯಾಚೆಯಲ್ಲಿರುವ ನಮ್ಮ ಮಕ್ಕಳಿಗೆ ಒಳ್ಳೆಯ ಕನ್ನಡವು ಕಣ್ಣಿಗಿಂತ ಮೊದಲು ಕಿವಿಯಿಂದಲೇ ಬರಬೇಕಾಗಿದೆ. ಆ ಕನ್ನಡದ ಬಹುಭಾಗ ಎರಡು ಮೂರು ತಲೆಮಾರುಗಳಿಂದ ಈ ಪೆಟ್ಟಿಗೆಯ ಮೂಲಕವೇ ಬಂದಿದೆ. ಅದರ ಒಳಗೆ ಕೈಹಾಕಿ ನಾವು ಮಾಡಿಕೊಂಡ ಒಂದು ಪ್ರಮಾದವನ್ನೂ ಮುಂದೆ ನಿವೇದಿಸಲಿದ್ದೇವೆ.

ಮೊದಲು ಯಂತ್ರದ ಜನ್ಮವೃತ್ತಾಂತ. ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿಯನ್ನು ತೂಗಬಿಟ್ಟು ಅದರಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಸುರುಳಿ ಅತ್ತಿತ್ತ ಚಲಿಸುವುದೆಂಬ ತತ್ತ್ವವನ್ನು ಆಧರಿಸಿ ಜರ್ಮನಿಯ ಸೀಮೆನ್ಸನು 1874ರಲ್ಲಿಯೇ ಸ್ವಾಮ್ಯಪತ್ರ ಪಡೆದಿದ್ದನು. ಗ್ರಹಾಂ ಬೆಲ್ಲನ ಟೆಲಿಫೋನು ಹುಟ್ಟಿದ್ದು ಅನಂತರ, 1876ರಲ್ಲಿ. ಆದರೆ ಸೀಮೆನ್ಸನ ಸುರುಳಿ ಮಾತನಾಡಲಿಲ್ಲ. 1898ರಲ್ಲಿ ಇಂಗ್ಲೆಂಡಿನ ಆಲಿವರ್ ಲಾಜ್ ಎಂಬ ವಿಜ್ಞಾನಿಯು ಅದೇ ಬಗೆಯ ಚಲಿಸುವ ಸುರುಳಿಯಿಂದ ಗಟ್ಟಿಯಾಗಿ ನುಡಿಯುವ ಉಪಕರಣವನ್ನು ರೂಪಿಸಿದನು. ಅದಕ್ಕೆ ಬಲ ಕೊಡತಕ್ಕ ವರ್ಧಕ ಕವಾಟಗಳು ಆ ಕಾಲದಲ್ಲಿ ಇರಲಿಲ್ಲವಾಗಿ ಅದೂ ಮೂಲೆಗೆ ಬಿದ್ದಿತು. 1915ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ನಾಪಾ ಎಂಬ ಊರಿನಲ್ಲಿ ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡಂ ಎಂಬ ಇಬ್ಬರು ತರುಣರು ಸುರುಳಿಗೆ ಕಹಳೆಯನ್ನು ಜೋಡಿಸಿ ದೂರದವರೆಗೂ ಕೇಳಿಸುವಂತೆ ಮಾಡಿದರು. ತಮ್ಮ ಯಂತ್ರಕ್ಕೆ ಅವರಿಟ್ಟ ಹೆಸರು ಮ್ಯಾಗ್ನವಾಕ್ಸ್. ಲ್ಯಾಟಿನ್ ಭಾಷೆಯಲ್ಲಿ 'ಮಹಾಧ್ವನಿ' ಎಂದರ್ಥ. 1919ರಲ್ಲಿ ಅಧ್ಯಕ್ಷ ವಿಲ್ಸನ್ನನು ಸ್ಯಾನ್ ಡಿಯಾಗೋ ನಗರದಲ್ಲಿ ಬಹುದೊಡ್ಡ ಜನಸ್ತೋಮವನ್ನು ಉದ್ದೇಶಿಸಿ ಮಾತನಾಡಿದಾಗ ಅವನ ಮಾತನ್ನು ಸಭೆಗೆ ಮುಟ್ಟಿಸಿದ್ದು ಈ ಮಹಾಧ್ವನಿಯೇ.

ಇದು ಬಯಲಿನ ಸಭೆಗಳ ಮಾತಾಯಿತು. ಮನೆಯೊಳಗೆ ಕುಳಿತು ಕೇಳತಕ್ಕ ಸ್ಪೀಕರು ಹುಟ್ಟಿದ್ದು 1925ರಲ್ಲಿ ಎನ್ನಬೇಕು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಕಹಳೆಯನ್ನು ತೊಡೆದುಹಾಕಿ, ಸುರುಳಿಗೆ ಕಾಗದದ ಶಂಕುವೊಂದನ್ನು ಅಂಟಿಸಿ, ಅದನ್ನು ಹಲಗೆಯ ತೂತಿನ ಹಿಂದೆ ಕೂಡಿಸುವ ಕ್ರಮವನ್ನು ವಿವರಿಸಿದರು. ಮರುವರ್ಷವೇ ಅದು ರೇಡಿಯೋಲಾ ಎಂಬ ಹೆಸರಿನಿಂದ ಅಂಗಡಿಗೆ ಬಂದಿತು. ಇಂದು ನಮ್ಮ ಮನೆಯಲ್ಲಿರುವ ಸ್ಪೀಕರನ್ನು ಬಿಚ್ಚಿ ನೋಡಿದರೂ ಅದೇ ಶಂಕು, ಅದೇ ಸುರುಳಿ ಕಾಣಿಸುತ್ತವೆ. ನೂರು ವರ್ಷಗಳಲ್ಲಿ ಮೂಲತತ್ತ್ವವು ಇಷ್ಟು ಕಡಿಮೆ ಬದಲಾದ ಗೃಹೋಪಕರಣಗಳು ಹೆಚ್ಚಿಲ್ಲ. ಬದಲಾದದ್ದು ತಂತಿಗಳ ಏರ್ಪಾಡು.

ಮೊದಮೊದಲಿನ ಮನೆ ರೇಡಿಯೋಗಳಲ್ಲಿ ಸ್ಪೀಕರಿಗೆ ಎರಡು ತಂತಿಗಳು ಸಾಲುತ್ತಿರಲಿಲ್ಲ, ನಾಲ್ಕು ಬೇಕಾಗಿದ್ದವು. ಆಗಿನ ಶಾಶ್ವತ ಅಯಸ್ಕಾಂತಗಳು ಬಹಳ ದುರ್ಬಲವಾಗಿದ್ದುದರಿಂದ, ಕಬ್ಬಿಣದ ತಿರುಳಿಗೆ ಸಾವಿರಾರು ಸುತ್ತು ತಂತಿಯನ್ನು ಸುತ್ತಿ, ವಿದ್ಯುತ್ತಿನಿಂದಲೇ ಅದನ್ನು ಅಯಸ್ಕಾಂತವನ್ನಾಗಿ ಮಾಡುತ್ತಿದ್ದರು. ಇದಕ್ಕೆ ಫೀಲ್ಡ್ ಕಾಯಿಲ್ ಎಂದು ಹೆಸರು. ಅದಕ್ಕೆ ಎರಡು ತಂತಿ, ನುಡಿಯುವ ಸುರುಳಿಗೆ ಎರಡು ತಂತಿ. ಈ ಫೀಲ್ಡ್ ಕಾಯಿಲಿಗೆ ಆ ಕಾಲದ ಯಂತ್ರಜ್ಞರು ಇನ್ನೊಂದು ಕೆಲಸವನ್ನೂ ವಹಿಸಿದ್ದರು. ಮನೆಯ ವಿದ್ಯುತ್ತನ್ನು ಏಕಮುಖ ಪ್ರವಾಹವಾಗಿ ಪರಿವರ್ತಿಸಿದಾಗ ಅದರಲ್ಲಿ ಉಳಿಯುವ ಏರಿಳಿತಗಳನ್ನು ನಯಗೊಳಿಸುವ ಕೆಲಸವದು. ಒಂದೇ ಎತ್ತನ್ನು ಗಾಡಿಗೂ ಗಾಣಕ್ಕೂ ಹೂಡಿದಂತೆ. ಆದರೆ ಆ ಏರಿಳಿತಗಳು ಅಯಸ್ಕಾಂತದ ಮೂಲಕ ನುಡಿಯುವ ಸುರುಳಿಗೂ ಸೋಂಕಿ, ಭಾಗವತರ ಪದದ ಹಿಂದೆ ಜೇನುಹುಳ ಗುಂಯ್‌ಗುಟ್ಟಿದಂತೆ ಸದ್ದು ಕೇಳಿಸುತ್ತಿತ್ತು. ಇದಕ್ಕೆ ಅವರು ಕಂಡುಕೊಂಡ ಉಪಾಯ ಅತ್ಯಂತ ಚಮತ್ಕಾರದ್ದು. ಫೀಲ್ಡ್ ಕಾಯಿಲಿನ ಪಕ್ಕದಲ್ಲಿಯೇ ಕೆಲವೇ ಸುತ್ತಿನ ಚಿಕ್ಕ ಸುರುಳಿಯೊಂದನ್ನು ಇಟ್ಟು, ಅದನ್ನು ನುಡಿಯುವ ಸುರುಳಿಯ ಸಂಗಡ ವಿರುದ್ಧ ದಿಕ್ಕಿನಲ್ಲಿ ಜೋಡಿಸುವುದು. ಆ ಸುರುಳಿಯಲ್ಲಿ ಹುಟ್ಟಿದ ಗುಂಗು ಈ ಗುಂಗನ್ನು ಅಳಿಸಿಬಿಡುವುದು. ವಿಷಕ್ಕೆ ವಿಷವೇ ಔಷಧ ಎಂಬ ಕ್ರಮ. ರಿಪೇರಿಗೆ ಕೈಹಾಕಿದವನು ತಿಳಿಯದೆ ಆ ಚಿಕ್ಕ ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿದನೋ, ಗುಂಗು ಅಳಿಯುವುದರ ಬದಲು ಹೆಚ್ಚಿಬಿಡುತ್ತಿತ್ತು. ತಲೆಕೆಳಗಾದ ತಂತಿಯೇ ಸರಿಯಾದ ತಂತಿ ಎಂಬ ಈ ವಿಚಿತ್ರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

1931ರಲ್ಲಿ ಜಪಾನಿನ ಮಿಶಿಮಾ ಎಂಬ ಲೋಹವಿಜ್ಞಾನಿಯು ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಂಗಳನ್ನು ಬೆರೆಸಿ ಪ್ರಬಲವಾದ ಶಾಶ್ವತ ಅಯಸ್ಕಾಂತವನ್ನು ಕಂಡುಹಿಡಿದನು. ಅದರ ಸಂತತಿಯೇ ಆಲ್ನಿಕೋ. ಎರಡನೆಯ ಮಹಾಯುದ್ಧದ ತರುವಾಯ ಮನೆಯ ಸ್ಪೀಕರುಗಳಿಂದ ಫೀಲ್ಡ್ ಕಾಯಿಲು ಕ್ರಮೇಣ ಮರೆಯಾಯಿತು. ಮನೆಯ ರೇಡಿಯೋದ ಒಳತಂತಿಗಳನ್ನು ಮಾರ್ಪಡಿಸುವ ದೊಡ್ಡ ಪರ್ವವೊಂದು ಆಗ ನಡೆಯಿತು. ಹಳೆಯ ರೇಡಿಯೋದ ಸ್ಪೀಕರು ಕೆಟ್ಟರೆ ಅದೇ ಜಾತಿಯದು ಸಿಗುತ್ತಿರಲಿಲ್ಲ; ಹೊಸ ಬಗೆಯದನ್ನು ಹಾಕಬೇಕು. ಹಾಕಿದವನು ಬುದ್ಧಿವಂತನಾದರೆ, ಫೀಲ್ಡ್ ಕಾಯಿಲಿದ್ದ ಸ್ಥಾನದಲ್ಲಿ ಅಷ್ಟೇ ರೋಧವುಳ್ಳ ಚೋಕನ್ನೋ ರೆಸಿಸ್ಟರನ್ನೋ ಕೂಡಿಸುತ್ತಿದ್ದನು. ಅವಸರದವನಾದರೆ ಆ ಎರಡು ತಂತಿಗಳನ್ನು ಗಂಟುಹಾಕಿ ಕೈತೊಳೆದುಕೊಳ್ಳುತ್ತಿದ್ದನು. ಆಗ ಕವಾಟಗಳಿಗೆ ಮಿತಿಮೀರಿದ ಒತ್ತಡ ಬಿದ್ದು, ಗುಂಗು ಹೆಚ್ಚಿ, ರೇಡಿಯೋದ ಆಯುಸ್ಸು ಮುಗಿಯುತ್ತಿತ್ತು. ಅಟ್ಟದ ಮೇಲೆ ಅಂತಹ ರೇಡಿಯೋ ಇನ್ನೂ ಉಳಿದಿದ್ದರೆ, ಅದರ ಬೆನ್ನನ್ನು ತೆರೆಯುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ: ಆ ತಂತಿಗಳಲ್ಲಿ ಇನ್ನೂರು ಮುನ್ನೂರು ವೋಲ್ಟ್ ಹರಿಯುವುದುಂಟು.

ನಮ್ಮ ಸೀಮೆಗೆ ಈ ಪೆಟ್ಟಿಗೆಯಿಂದ ಕನ್ನಡ ಬಂದ ಬಗೆಯನ್ನು ಇಲ್ಲಿ ಸ್ವಲ್ಪ ಹೇಳುವುದು ಉಚಿತ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದರು. ಆ ಹೆಸರನ್ನು ಆಮೇಲೆ ಅಖಿಲ ಭಾರತದ ರೇಡಿಯೋ ಸಂಸ್ಥೆಯೇ ಸ್ವೀಕರಿಸಿತು. ಧಾರವಾಡದ ನಿಲಯ 1950ರಲ್ಲಿಯೂ ಬೆಂಗಳೂರಿನದು 1955ರಲ್ಲಿಯೂ ಬಂದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ನೆಲದ ಮೇಲೆ ಎಳೆದ ಗೆರೆ ರೇಡಿಯೋ ಅಲೆಗಳಿಗೆ ಅನ್ವಯಿಸಲಿಲ್ಲ. ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿ ರೇಡಿಯೋ ಇಟ್ಟುಕೊಳ್ಳಬೇಕಾಗಿದ್ದ ಕಾಲವದು. ಊರಿಗೆ ಒಂದೋ ಎರಡೋ ಇದ್ದ ಆ ಪೆಟ್ಟಿಗೆಯ ಮುಂದೆ ರಾತ್ರಿಯ ಹೊತ್ತು ಚಾವಡಿ ತುಂಬ ಜನ ಕೂರುತ್ತಿದ್ದರೆಂದು ನಮ್ಮ ಅಜ್ಜ ಹೇಳುತ್ತಿದ್ದರು. 1976ರಲ್ಲಿ ಮಂಗಳೂರಿನ ನಿಲಯ ಬಂದುದು ನಮ್ಮವರ ಪಾಲಿಗೆ ನಿಜವಾದ ಹಬ್ಬ. ಯಕ್ಷಗಾನವೂ ತಾಳಮದ್ದಳೆಯೂ ಮನೆಯೊಳಗೇ ಕೇಳಿಸತೊಡಗಿದವು. ನಮ್ಮ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿ ಕನ್ನಡದ ವಾಕ್ಯ ಎಷ್ಟು ದೂರ ನಡೆಯಬಲ್ಲದೆಂಬುದನ್ನು ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಕ್ಯಾಸೆಟ್ಟುಗಳು ಬಂದ ಮೇಲೆ ಒಂದೇ ಪ್ರಸಂಗವನ್ನು ಹತ್ತು ಸಲ ಕೇಳುವ ಅನುಕೂಲವಾಯಿತು. ಗಲ್ಫ್ ದೇಶಗಳಿಗೆ ದುಡಿಯಲು ಹೋದ ನಮ್ಮ ಜಿಲ್ಲೆಯವರು ಹಿಂದಿರುಗುವಾಗ ಜೋಡಿ ಸ್ಪೀಕರುಗಳ ಸ್ಟೀರಿಯೋಗಳನ್ನು ತಂದರು.

ಈ ಹೊಸ ಪೆಟ್ಟಿಗೆಗಳಲ್ಲಿ ಸ್ಪೀಕರು ಒಂದಲ್ಲ, ಎರಡು. ದೊಡ್ಡ ಶಂಕು ಮದ್ದಳೆಯ ಗುಂಭವನ್ನು ನುಡಿಸಬಲ್ಲುದೇ ಹೊರತು ಚಕ್ರತಾಳದ ಕಿಣಿಯನ್ನು ನುಡಿಸಲಾರದು. ಸಣ್ಣದು ಅದಕ್ಕೆ ತದ್ವಿರುದ್ಧ. ಆದುದರಿಂದ ಕೆಲಸವನ್ನು ಹಂಚಬೇಕು. 1933ರ ಏಪ್ರಿಲ್ 27ರಂದು ಬೆಲ್ ಪ್ರಯೋಗಶಾಲೆಯವರು ಫಿಲಡೆಲ್ಫಿಯದಲ್ಲಿ ನುಡಿಸಿದ ವಾದ್ಯವೃಂದವನ್ನು ವಾಷಿಂಗ್‌ಟನ್ನಿನ ಸಭಾಂಗಣದಲ್ಲಿ ಕೇಳಿಸಿದಾಗಲೇ ಮಂದ್ರಕ್ಕೊಂದು ತಾರಕ್ಕೊಂದು ಎಂದು ಸ್ಪೀಕರುಗಳನ್ನು ಬೇರ್ಪಡಿಸಿದ್ದರು. ಅಲ್ಲಿಂದ ಚಿತ್ರಮಂದಿರಗಳಿಗೆ, ಚಿತ್ರಮಂದಿರಗಳಿಂದ ಮನೆಗಳಿಗೆ ಆ ಪದ್ಧತಿ ಇಳಿದು ಬಂದಿತು. ದೊಡ್ಡದಕ್ಕೆ ವೂಫರ್, ಸಣ್ಣದಕ್ಕೆ ಟ್ವೀಟರ್ ಎಂದು ಹೆಸರು. ಒಂದು ನಾಯಿಯ ಬೊಗಳು, ಇನ್ನೊಂದು ಹಕ್ಕಿಯ ಚಿಲಿಪಿಲಿ. ಇಂಗ್ಲಿಷಿನವರು ಅನುಕರಣ ಶಬ್ದಗಳಲ್ಲಿ ನಮಗಿಂತ ಹಿಂದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಇವೆರಡಕ್ಕೂ ಧ್ವನಿಯನ್ನು ಹಂಚಿಕೊಡುವ ಏರ್ಪಾಡಿಗೆ ಕ್ರಾಸ್‌ಓವರ್ ಎನ್ನುತ್ತಾರೆ. ತಾಮ್ರದ ಸುರುಳಿಯು ಮಂದ್ರವನ್ನು ಬಿಟ್ಟು ತಾರವನ್ನು ತಡೆಯುತ್ತದೆ. ಕೆಪಾಸಿಟರು ತಾರವನ್ನು ಬಿಟ್ಟು ಮಂದ್ರವನ್ನು ತಡೆಯುತ್ತದೆ. ಈ ಎರಡರ ಜೋಡಣೆಯೇ ಇಡೀ ವಿದ್ಯೆ.

ಇನ್ನು ತಂತಿಯ ಹುಚ್ಚಿನ ವಿಚಾರ. 1970ರ ದಶಕದ ಕೊನೆಯ ತನಕ ಸ್ಪೀಕರಿನ ತಂತಿಯ ಬಗೆಗೆ ಜನಸಾಮಾನ್ಯರು ತಲೆಕೆಡಿಸಿಕೊಂಡದ್ದು ಕಡಮೆ. ಆಮೇಲೆ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ದಪ್ಪನಾದ, ಶುದ್ಧತಾಮ್ರದ, ಬೆಳ್ಳಿಯ ಲೇಪವುಳ್ಳ ತಂತಿಗಳನ್ನು ಹೆಚ್ಚಿನ ಬೆಲೆಗೆ ಮಾರುವ ವ್ಯಾಪಾರ ಬೆಳೆಯಿತು. ಹೊರಗಿನ ತಂತಿಯನ್ನು ಬದಲಿಸಿದವರು ಪೆಟ್ಟಿಗೆಯನ್ನು ಬಿಚ್ಚಿ ಒಳಗಿನದನ್ನೂ ಕಿತ್ತು ಹಾಕತೊಡಗಿದರು. ಧ್ವನಿಯ ಪರದೆ ಸರಿಯಿತು, ಹೊಸ ಲೋಕ ತೆರೆಯಿತು ಎಂದೆಲ್ಲ ವರ್ಣಿಸಿದವರುಂಟು. 1983ರಲ್ಲಿ 'ಸ್ಟೀರಿಯೋ ರಿವ್ಯೂ' ಎಂಬ ಅಮೆರಿಕದ ಪತ್ರಿಕೆಯವರು ಯಾವ ತಂತಿಯೆಂದು ಹೇಳದೆ ಕೇಳಿಸಿ ಪರೀಕ್ಷಿಸಿದರು. ಸಂಗೀತವನ್ನು ಕೇಳುವಾಗ, ದೀಪಕ್ಕೆ ಹಾಕುವ ಸಾಮಾನ್ಯವಾದ ದಪ್ಪ ತಂತಿಗೂ ಬೆಲೆಬಾಳುವ ತಂತಿಗೂ ಶ್ರೋತೃಗಳು ಭೇದವನ್ನು ಗುರುತಿಸಲಾರದೆ ಹೋದರು.

ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ರೋಧ. ಪೆಟ್ಟಿಗೆಯೊಳಗೆ ಹೋಗಿ ಬರುವ ತಂತಿ ಹೆಚ್ಚೆಂದರೆ ಒಂದು ಮೀಟರು. ಮೊದಲಿದ್ದುದು ಅರ್ಧ ಚದರ ಮಿಲಿಮೀಟರಿನದಾದರೆ 0.034 ಓಮ್, ಅದನ್ನು ಕಿತ್ತು ಎರಡೂವರೆ ಚದರ ಮಿಲಿಮೀಟರಿನದನ್ನು ಹಾಕಿದರೆ 0.007 ಓಮ್. ಉಳಿತಾಯ 0.027 ಓಮ್. ಎಂಟು ಓಮಿನದೆಂದು ಕರೆಯುವ ಸ್ಪೀಕರಿನ ನುಡಿಯುವ ಸುರುಳಿಗೇ ಸುಮಾರು ಆರು ಓಮ್ ರೋಧವಿರುವಾಗ, ಈ ಉಳಿತಾಯ ನೂರಕ್ಕೆ ಅರ್ಧ ಭಾಗವೂ ಆಗಲಿಲ್ಲ. ಧ್ವನಿಯ ಅಳತೆಯಲ್ಲಿ ಒಂದು ಡೆಸಿಬೆಲ್ಲಿನ ಇಪ್ಪತ್ತೈದನೆಯ ಒಂದು ಅಂಶ. ಇದು ಕೇಳಿಸಿತೆನ್ನುವವರ ಕಿವಿಗೆ ನಮ್ಮ ನಮಸ್ಕಾರ.

ಹಾಗೆಂದು ಒಳತಂತಿಯನ್ನು ಬದಲಿಸಲೇ ಕೂಡದೆಂದು ನಾವು ಹೇಳುತ್ತಿಲ್ಲ. ಯುದ್ಧಪೂರ್ವದ ರೇಡಿಯೋಗಳ ರಬ್ಬರಿನ ಹೊದಿಕೆ ಮುಟ್ಟಿದರೆ ಪುಡಿಯಾಗಿ ಉದುರುತ್ತದೆ, ಬದಲಿಸದಿದ್ದರೆ ಅಪಾಯ. ಸಮುದ್ರತೀರದ ನಮ್ಮ ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ, ಚುಚ್ಚಿ ಸಿಕ್ಕಿಸಿದ ಕ್ಲಿಪ್ಪುಗಳು ಹಸಿರು ಕಿಲುಬು ಹಿಡಿಯುತ್ತವೆ. ಬೆಸುಗೆ ಒಣಗಿ ಬಿರುಕು ಬಿಡುವುದುಂಟು. ಕ್ರಾಸ್‌ಓವರಿನ ಅಗ್ಗದ ಕೆಪಾಸಿಟರುಗಳು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಣಗಿ ಗುಣ ಕಳೆದುಕೊಳ್ಳುವುದುಂಟು. ಎಲ್ಲಕ್ಕಿಂತ ಬೇಗ ಸೋಲುವುದು, ಅಲುಗಾಡದ ಚೌಕಟ್ಟಿನಿಂದ ಅಲುಗಾಡುವ ಶಂಕುವಿಗೆ ಹೋಗುವ ಆ ಸಣ್ಣ ತಂತಿ. ನೂಲಿನ ಮೇಲೆ ತಾಮ್ರದ ತೆಳುಹಾಳೆಯನ್ನು ಸುತ್ತಿ, ಹಲವು ಎಳೆಗಳನ್ನು ಹೆಣೆದು ಅದನ್ನು ಮಾಡುತ್ತಾರೆ. ನಮ್ಮ ಸೀರೆಯ ಜರಿಯ ಸೋದರಸಂಬಂಧಿಯೆನ್ನಬೇಕು. ಲಕ್ಷಾಂತರ ಸಲ ಬಳುಕಿ ಕೊನೆಗೆ ಅದು ಕಡಿಯುತ್ತದೆ. ಆ ಜಾಗದಲ್ಲಿ ದಪ್ಪ ತಂತಿಯನ್ನು ಹಾಕಿದರೆ ಶಂಕುವೇ ಹರಿದೀತು.

ಈಗ ನಮ್ಮ ಪ್ರಮಾದದ ಕಥೆ. 2012ರ ಮಳೆಗಾಲ ಮುಗಿದ ಸಮಯ. ದುಬಾಯಿಯಿಂದ ಹಿಂದಿರುಗಿದ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ಶಾಲೆಗೆ ಜೋಡಿ ಧ್ವನಿಪೆಟ್ಟಿಗೆಗಳನ್ನು ದಾನಮಾಡಿದ್ದರು. ತಾಳಮದ್ದಳೆಯ ಧ್ವನಿಮುದ್ರಣವನ್ನು ಕೇಳಿಸಿ, ಅದರಿಂದಲೇ ಉಕ್ತಲೇಖನ ಬರೆಯಿಸುವುದು ನಮ್ಮ ಪರಿಪಾಠ. ಒಂದು ಪೆಟ್ಟಿಗೆ ಕರಕರ ಎನ್ನತೊಡಗಿತು. ಬೆನ್ನು ಬಿಚ್ಚಿ ನೋಡಿದರೆ ಎಲ್ಲ ಕ್ಲಿಪ್ಪುಗಳಿಗೂ ಕಿಲುಬು. ಹೊಸ ತಾಮ್ರದ ತಂತಿ ತಂದು, ಬೆಸುಗೆ ಹಾಕುವ ಕಡ್ಡಿಯನ್ನು ಕಡ ತಂದು, ರಜೆಯ ಒಂದು ದಿನ ಎರಡು ಪೆಟ್ಟಿಗೆಗಳ ತಂತಿಯನ್ನೂ ನಾವೇ ಬದಲಿಸಿದೆವು. ಹಾಗೆ ಬದಲಿಸುವಾಗ ಒಂದು ದೋಷ ನಮ್ಮ ಕಣ್ಣಿಗೆ ಬಿದ್ದಿತು. ಟ್ವೀಟರಿನ ಕೆಂಪು ತಂತಿಯನ್ನು ಕಪ್ಪು ಕೊಂಡಿಗೂ ಕಪ್ಪು ತಂತಿಯನ್ನು ಕೆಂಪು ಕೊಂಡಿಗೂ ಹಚ್ಚಲಾಗಿತ್ತು. ಎರಡು ಪೆಟ್ಟಿಗೆಗಳಲ್ಲಿಯೂ ಹಾಗೆಯೇ. ಇಪ್ಪತ್ತು ವರ್ಷಗಳಿಂದ ಉತ್ತರಪತ್ರಿಕೆ ತಿದ್ದುತ್ತಿರುವ ಸಹೋದ್ಯೋಗಿಗಳ ನಡುವೆ ಬೆಳೆದವರು ನಾವು. ತಪ್ಪನ್ನು ಕಂಡ ಮೇಲೆ ಸುಮ್ಮನಿರುವುದು ಸಾಧ್ಯವೇ? ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ತಿದ್ದಿ ಮುಚ್ಚಳ ಮುಚ್ಚಿದೆವು. ಕರಕರ ಶಬ್ದ ನಿಂತಿತು. ನಮಗೆ ಹೆಮ್ಮೆಯೂ ಆಯಿತು.

ಮುಂದಿನ ವಾರಗಳ ಉಕ್ತಲೇಖನಗಳಲ್ಲಿ 'ಶ'ಕಾರ 'ಸ'ಕಾರಗಳ ಗೊಂದಲ ವಿಪರೀತವಾಯಿತು. 'ಶರ' ಎಂದಿದ್ದಲ್ಲಿ 'ಸರ', 'ಶಕ್ತಿ' ಎಂದಿದ್ದಲ್ಲಿ 'ಸಕ್ತಿ'. ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಮಲಯಾಳ ಆಡುವವರು, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಆಡುವವರು ಎಲ್ಲರೂ ಇದ್ದಾರೆ. ಇದು ಮನೆಮಾತಿನ ಪ್ರಭಾವವೆಂದು ನಾವು ತೀರ್ಮಾನಿಸಿದೆವು. ತೀರ್ಮಾನಿಸಿದ್ದು ಮಾತ್ರವಲ್ಲ, ತರಗತಿಯಲ್ಲಿ ಹಾಗೆಂದು ಗದರಿದೆವು. ಮನೆಯಲ್ಲಿ ಮಲಯಾಳ ಆಡುವ ಹುಡುಗಿಯೊಬ್ಬಳಿಂದ ಹತ್ತು ಪದಗಳನ್ನು ಇಪ್ಪತ್ತು ಸಲ ಬರೆಯಿಸಿದೆವು. ಅವಳು ಬರೆದು ತಂದು ಒಪ್ಪಿಸಿ, "ಸರ್, ನೀವು ಹೇಳಿದರೆ ನನಗೆ ಗೊತ್ತಾಗುತ್ತದೆ. ಪೆಟ್ಟಿಗೆ ಹೇಳಿದರೆ ಗೊತ್ತಾಗುವುದಿಲ್ಲ" ಎಂದಳು. ಅಂದು ಅದನ್ನು ನೆಪವೆಂದೇ ಬಗೆದೆವು. ಮನೆಗೆ ಬಂದ ಮೇಲೆ ಆ ಮಾತು ಬಿಡಲಿಲ್ಲ.

ಮರುದಿನ ಭೌತಶಾಸ್ತ್ರದ ಮಾಸ್ತರರನ್ನು ಕರೆದು ಪೆಟ್ಟಿಗೆಯನ್ನು ತೋರಿಸಿದೆವು. ಅವರು ಕ್ರಾಸ್‌ಓವರನ್ನು ನೋಡಿದೊಡನೆಯೇ ನಕ್ಕರು. ಅಲ್ಲಿ ವೂಫರಿನ ದಾರಿಯಲ್ಲಿಯೂ ಟ್ವೀಟರಿನ ದಾರಿಯಲ್ಲಿಯೂ ಒಂದೊಂದು ಸುರುಳಿ, ಒಂದೊಂದು ಕೆಪಾಸಿಟರು ಇದ್ದವು. ಇಂತಹ ಜೋಡಣೆಯಲ್ಲಿ, ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟುವ ಸ್ವರದ ಹತ್ತಿರ ಎರಡರ ಚಲನೆಯೂ ಪರಸ್ಪರ ವಿರುದ್ಧವಾಗಿಬಿಡುತ್ತದೆಯಂತೆ. ಮರ ಕೊಯ್ಯುವ ಉದ್ದ ಗರಗಸವನ್ನು ಇಬ್ಬರು ಹಿಡಿದಾಗ ಒಬ್ಬನು ಎಳೆದರೆ ಇನ್ನೊಬ್ಬನು ಬಿಡಬೇಕು. ಇಬ್ಬರೂ ಏಕಕಾಲದಲ್ಲಿ ಎಳೆದರೆ ಗರಗಸ ನಿಂತಲ್ಲೇ ನಿಲ್ಲುವುದು. ಅದನ್ನು ತಪ್ಪಿಸಲೆಂದೇ ಮಾಡಿದವರು ಬುದ್ಧಿಪೂರ್ವಕವಾಗಿ ಟ್ವೀಟರಿನ ತಂತಿಯನ್ನು ತಿರುಗಿಸಿ ಹಚ್ಚಿದ್ದರು. ಹಳೆಯ ರೇಡಿಯೋದ ಆ ಚಿಕ್ಕ ಸುರುಳಿಯ ಹಾಗೆಯೇ, ಇಲ್ಲಿಯೂ ತಲೆಕೆಳಗಾದುದೇ ಸರಿ. ನಾವು ತಿದ್ದಿದ ಮೇಲೆ ಎರಡೂ ಒಂದನ್ನೊಂದು ಅಳಿಸಿ, ಸೆಕೆಂಡಿಗೆ ಮೂರು ಸಾವಿರ ಕಂಪನಗಳ ಸುತ್ತಮುತ್ತ ಧ್ವನಿಯಲ್ಲಿ ಒಂದು ಹೊಂಡ ಬಿದ್ದಿತ್ತು. 'ಶ'ಕಾರದ ಜೀವವಿರುವುದು ಅಲ್ಲಿಯೇ. 'ಸ'ಕಾರದ್ದು ಅದಕ್ಕಿಂತ ಮೇಲೆ. ಹೊಂಡದಲ್ಲಿ 'ಶ'ಕಾರ ಬಿದ್ದುಹೋಗಿ, ಉಳಿದುದನ್ನು ಮಕ್ಕಳು ಕೇಳಿದಂತೆ ಬರೆದಿದ್ದರು.

ತಂತಿಯನ್ನು ಮೊದಲಿದ್ದಂತೆ ತಿರುಗಿಸಿ ಹಚ್ಚಿದೆವು. ಅದೇ ಧ್ವನಿಮುದ್ರಣವನ್ನು ಮತ್ತೆ ಕೇಳಿಸಿದಾಗ ಅರ್ಥಧಾರಿಗಳ ಮಾತು ಎದುರಿಗೆ ಕುಳಿತು ಆಡಿದಂತೆ ಬಂದಿತು. ಮಕ್ಕಳ ತಪ್ಪುಗಳೆಲ್ಲ ಮಾಯವಾದವೆಂದು ಬರೆದರೆ ಅದು ಸುಳ್ಳಾದೀತು. ತಪ್ಪುಗಳು ಮೊದಲಿದ್ದಷ್ಟಕ್ಕೆ ಇಳಿದವು. ಆ ಹುಡುಗಿಯ ಬಳಿ ತರಗತಿಯ ಎದುರಿನಲ್ಲಿಯೇ ತಪ್ಪೊಪ್ಪಿಕೊಂಡೆವು. ಅವಳು ನಾಚಿ ತಲೆ ತಗ್ಗಿಸಿದಳು. ಹಿಂದಿನ ಬೆಂಚಿನ ಹುಡುಗರು ಮಾತ್ರ ಬಹಳ ದಿನ ನಮ್ಮನ್ನು ನೋಡಿ ನಗುತ್ತಿದ್ದರು.

ಆ ಪೆಟ್ಟಿಗೆಗಳು ಶಾಲೆಯಲ್ಲಿ ಇನ್ನೂ ಇವೆ. ಮುಚ್ಚಳ ಹಾಕುವ ಮುನ್ನ ಟ್ವೀಟರಿನ ಪಕ್ಕದಲ್ಲಿ ಒಂದು ಚೀಟಿಯನ್ನು ಅಂಟಿಸಿದ್ದೇವೆ: 'ಈ ಎರಡು ತಂತಿಗಳು ತಪ್ಪಾಗಿಲ್ಲ. ಬದಲಿಸಬಾರದು.' ಮುಂದೆ ತೆರೆಯುವವರು ಯಾವ ಭಾಷೆಯವರಾಗಿರುವರೋ ತಿಳಿಯದಾದುದರಿಂದ, ಅದರ ಕೆಳಗೆ ಅದೇ ಮಾತನ್ನು ಮಲಯಾಳದಲ್ಲಿಯೂ ಬರೆಯಿಸಿದೆವು. ಬರೆದುಕೊಟ್ಟವಳು ಅದೇ ಹುಡುಗಿ.